ಬ್ಯಾರಲ್ ನೀರು ಮತ್ತು ಹುಣಸೆಬೀಜ: ಒಂದು ಗೀಳು ಕಾಯಿಲೆಯ ಪ್ರಕರಣ

ತಾಯಿ, ಮಗ ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಗದಗ-ಬೆಟಗೇರಿಯ ಈ ತಾಯಿ ಆಪ್ತಸಲಹೆಗಾರರಾದ ನಮ್ಮ ಬಳಿ ಬಂದದ್ದು ನೀರಿನ ತಕರಾರು ಹೊತ್ತುಕೊಂಡು. “ನಮ್ಮ ಓಣ್ಯಾಗ ನಳ ಬರೂದು ಎಂಟ್ಹತ್ತು ದಿನಕ್ಕೊಮ್ಮೆ ರೀ ಮೇಡಮ್. ಎರಡು ಬ್ಯಾರಲ್ ತುಂಬಿಟ್ರ ಇಂವ ಮೂರ ದಿನದಾಗ ಖಾಲಿ ಮಾಡ್ತಾನ. ಬೈದ್ರೂ ಕೇಳಂಗಿಲ್ಲ, ಹೊಡದ್ರೂ ಕೇಳಂಗಿಲ್ಲ.” ಮಗನಿಗೆ 13 ವರ್ಷ, ಎಂಟನೇ ತರಗತಿ. ತಂದೆಗೆ ಮುದ್ರಣಾಲಯದಲ್ಲಿ ಕೆಲಸ. ಮೊಮ್ಮಗ ಭಾಳ ಮಡಿವಂತ ಎಂದು ಅಜ್ಜಿಗೆ ಹೆಮ್ಮೆ. ತಂದೆಯ ಕಣ್ಣಿಗೆ ಅದು ಹಟ. ಬರೆದದ್ದನ್ನೇ ಅಳಿಸಿ ಅಳಿಸಿ ಬರೆಯುತ್ತ ಅವನ ನೋಟ್ಸ್ ಮುಗಿಯದ್ದರಿಂದ ಶಾಲೆಯವರು ಸೋಮಾರಿ ಅಂದಿದ್ದರು. ಒಂದೇ ತೊಂದರೆಗೆ ಮೂರು ಹೆಸರು, ಮೂರೂ ತಪ್ಪು.

ಮಕ್ಕಳ ಜೊತೆ ಕನಿಷ್ಠ 20 ನಿಮಿಷ ಬೇರೆಯಾಗಿ ಮಾತಾಡಲೇಬೇಕು. ತಾಯಿಯ ಎದುರು ಈ ಹುಡುಗ ಬಾಯಿ ಬಿಡುತ್ತಿರಲಿಲ್ಲ. ಅಪ್ಪನ ಕೈಯ ಮಸಿ ರೊಟ್ಟಿಗೆ ಹತ್ತಿ ಅವ್ವನ ಹೊಟ್ಟೆಗೆ ಹೋಗುತ್ತದೆ, ಅವ್ವ ಸಾಯುತ್ತಾಳೆ. ಇದು ಅವನ ತಲೆಯಲ್ಲಿ ಬಿಡದೆ ಕುಟ್ಟುತ್ತಿದ್ದ ವಿಚಾರ. ಏಳರ ಲೆಕ್ಕದಲ್ಲಿ ಕೈ ತೊಳೆಯಬೇಕು, ಲೆಕ್ಕ ತಪ್ಪಿದರೆ ಮೊದಲಿಂದ. “ಸುಳ್ಳು ಅಂತ ಗೊತ್ತೈತ್ರೀ. ಆದ್ರ ತೊಳೀಲಿಲ್ಲಂದ್ರ ಎದಿ ಹಿಡದಂಗ ಆಕ್ಕೈತಿ.” ಸುಳ್ಳೆಂದು ಗೊತ್ತಿದ್ದೂ ಬಿಡಲಾಗದ ಈ ಸಂಕಟವೇ ಗೀಳು ಕಾಯಿಲೆಯ ಗುರುತು. ಓಸಿಡಿ ಎನ್ನುವುದು ಇದನ್ನೇ.

ಸಾಯುವ ವಿಚಾರ ಬರುತ್ತದೆಯೇ ಎಂದೂ ಅವನನ್ನು ನೇರವಾಗಿ ಕೇಳಲಾಯಿತು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತೆ ಎಂದು ತಂದೆತಾಯಿ ಅಂಜುತ್ತಾರೆ, ಹಾಗಾಗುವುದಿಲ್ಲ. ಬ್ಯಾಸರ ಆಗೈತಿ ಅಂದ, ಅದಕ್ಕಿಂತ ಹೆಚ್ಚಿನದು ಇರಲಿಲ್ಲ. ಆದರೂ ರಾತ್ರಿ ಹೊತ್ತು ಬೇಕಾದೀತೆಂದು ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ತಾಯಿಯ ಮೊಬೈಲಿನಲ್ಲಿ ಉಳಿಸಿಕೊಡಲಾಯಿತು. ಅದು ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಗೀಳು ಗಂಟಲು ನೋವು, ಜ್ವರದ ಬೆನ್ನಿಗೆ ಒಂದೆರಡು ದಿನದಲ್ಲಿ ಧುತ್ತೆಂದು ಶುರುವಾಯಿತೇ ಎಂದೂ ವಿಚಾರಿಸಿದೆವು. ಹಾಗಿದ್ದರೆ ಮಕ್ಕಳ ವೈದ್ಯರು ಬೇರೆಯೇ ರೀತಿ ನೋಡಬೇಕಾಗುತ್ತದೆ. ಇಲ್ಲಿ ಒಂದೂವರೆ ವರ್ಷದಿಂದ ಮೆಲ್ಲಗೆ ಬೆಳೆದಿತ್ತು.

ಮೊದಲ ವಾರ ತಾಯಿಗೆ ಕೊಟ್ಟ ಕೆಲಸ ಒಂದೇ: ಏನನ್ನೂ ಬದಲಿಸದೆ, ಬೈಯದೆ, ಬರೆದಿಡುವುದು. ಲೆಕ್ಕ ನೋಡಿದರೆ ತೊಳೆಯುವುದು, ಮೀಯುವುದು ಸೇರಿ ದಿನಕ್ಕೆ ಮೂರೂವರೆ ತಾಸು. ದಿನಕ್ಕೆ ಒಂದು ತಾಸು ದಾಟಿದರೇ ಕಾಯಿಲೆಯ ಮಾತು ಬರುತ್ತದೆ. ತಾಯಿಯೇ ಬೆರಗಾದದ್ದು ಇನ್ನೊಂದು ಲೆಕ್ಕಕ್ಕೆ. “ಅವ್ವಾ, ನಿನಗೇನೂ ಆಗಂಗಿಲ್ಲ ಹೌದಿಲ್ಲೋ?” ಎಂದು ಅವನು ದಿನಕ್ಕೆ 60-70 ಸಲ ಕೇಳುತ್ತಿದ್ದ. ಅಷ್ಟೂ ಸಲ ಆಕೆ “ಏನೂ ಆಗಂಗಿಲ್ಲ ಬಿಡಪಾ” ಅನ್ನುತ್ತಿದ್ದರು. ತಂದೆಯೂ ದಿನಾ ಸಂಜೆ ಹಿತ್ತಲಿಂದ ಬಂದು, ಮಿಂದು, ಅಂಗಿ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದರು.

ಪ್ರೀತಿಯಿಂದ ಮಾಡುವ ಇವೆಲ್ಲ ಗೀಳಿಗೆ ಮೇವು. ಉತ್ತರ ಸಿಕ್ಕೊಡನೆ ಎದೆ ಹಗುರಾಗುತ್ತದೆ, ಐದು ನಿಮಿಷಕ್ಕೆ ಸಂಶಯ ಮರಳುತ್ತದೆ. ಉತ್ತರ ಸಿಕ್ಕಿದ್ದಕ್ಕೇ ಬದುಕಿಕೊಂಡೆ ಎಂದು ಮೆದುಳು ಕಲಿಯುತ್ತದೆ. ಉತ್ತರವಿಲ್ಲದೆಯೂ ಹೆದರಿಕೆ ತಾನಾಗಿ ಇಳಿಯುತ್ತದೆಂದು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಔಷಧಿ ಬರೆಯುವುದು ಆಪ್ತಸಲಹೆಗಾರರ ಕೆಲಸವಲ್ಲ, ಆದ್ದರಿಂದ ಮನೋವೈದ್ಯರ ಬಳಿ ಕಳಿಸಲಾಯಿತು. ಗದಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್ ಹತ್ತಿರ, ಆದರೆ ಅಲ್ಲಿ ನೆಂಟರು ಕಂಡಾರೆಂಬ ಅಳುಕು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಅಂದರೆ ತಂದೆಗೆ ಸಿಟ್ಟು. ‘ನಿನ್ನ ಧಾರವಾಡಕ್ಕ ಕಳಸಬೇಕು’ ಅನ್ನುವುದು ಈ ಕಡೆ ಬೈಗುಳ. ಹೊರರೋಗಿ ವಿಭಾಗದಲ್ಲಿ ತೋರಿಸಿ ಅಂದೇ ಸಂಜೆ ಮನೆಗೆ ಬರಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು, ಆಸ್ಪತ್ರೆಯವರು ಶಾಲೆಗೆ ತಿಳಿಸುವಂತಿಲ್ಲ. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಹೊರಟರು. ಗೀಳು ಎಷ್ಟಿದೆಯೆಂದು ಅಳೆಯುವ 40 ಅಂಕದ ಮಾಪನದಲ್ಲಿ ಹುಡುಗನಿಗೆ 26 ಬಂತು, ಅಂದರೆ ತೀವ್ರ. ವೈದ್ಯರು ಸರ್ಟ್ರಾಲಿನ್ ಎಂಬ ಮಾತ್ರೆಯನ್ನು 25 ಮಿಲಿಗ್ರಾಮಿನಿಂದ ಶುರುಮಾಡಿದರು.

ಮೊದಲ ಎಡವಟ್ಟು ಇಲ್ಲಿಯೇ ಆಯಿತು. ಗುಣ ಕಾಣಲಿಲ್ಲವೆಂದು ಹತ್ತನೇ ದಿನ ತಂದೆ ಮಾತ್ರೆ ನಿಲ್ಲಿಸಿದರು. ಗೀಳು ಕಾಯಿಲೆಯಲ್ಲಿ ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಬೇಕು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಏರುಪೇರು ಸಾಮಾನ್ಯ. ಆದರೆ ವಿಪರೀತ ಚಡಪಡಿಕೆ, ಸಾಯುವ ಮಾತು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬಾರದು, ಹೆಚ್ಚಿಸಲೂಬಾರದು.

ಎರಡನೆಯ ಎಡವಟ್ಟು ತಾಯಿಯದು. ಉತ್ತರ ಕೊಡಬಾರದೆಂದು ತಿಳಿದ ಮರುದಿನವೇ ಬಾಯಿ ಮುಚ್ಚಿಕೊಂಡರು, ಬಚ್ಚಲಿಗೆ ಚಿಲಕ ಹಾಕಿದರು. ಹುಡುಗ ಬಕೆಟ್ ಒಡೆದ, ರಾತ್ರಿಯೆಲ್ಲ ಅತ್ತ. ಒಮ್ಮೆಲೇ ಕಿತ್ತುಕೊಂಡರೆ ಅದು ಶಿಕ್ಷೆಯಾಗುತ್ತದೆ. ಮಗುವಿನ ಜೊತೆ ಕುಳಿತು ಮೊದಲೇ ಮಾತಾಡಿಕೊಂಡು ಇಳಿಸಬೇಕು.

ಅದಕ್ಕೆ ಹುಣಸೆಬೀಜದ ಒಪ್ಪಂದ ಆಯಿತು. ಬೆಳಿಗ್ಗೆ ಅವನ ಡಬ್ಬಿಗೆ 20 ಬೀಜ. ಒಂದು ಬೀಜ ಕೊಟ್ಟರೆ ಒಂದು ಉತ್ತರ. ಬೀಜ ಮುಗಿದ ಮೇಲೆ ಕೇಳಿದರೆ ತಾಯಿ ಹೇಳಬೇಕಾದ ಮಾತು ಒಂದೇ: “ಇದು ಗೀಳು ಕೇಳಾಕತ್ತೈತಿ, ನೀ ಅಲ್ಲ. ನಾ ಇಲ್ಲೇ ಅದೀನಿ.” ಸಿಟ್ಟಿಲ್ಲದೆ, ದನಿ ಏರಿಸದೆ. ವಾರಕ್ಕೊಮ್ಮೆ ಬೀಜ ಇಳಿಸುತ್ತ 20, 12, 6, 2 ಆಯಿತು. ಮೂರನೇ ವಾರ ಅವನು ಕದ್ದು ಅಜ್ಜಿಯನ್ನು ಕೇಳತೊಡಗಿದ್ದ. ಮನೆಯ ಎಲ್ಲರೂ ಒಂದೇ ಮಾತು ಆಡದಿದ್ದರೆ ಗೀಳು ಮೆತ್ತನೆಯ ಜಾಗ ಹುಡುಕುತ್ತದೆ. ಅಜ್ಜಿಗೆ ಹೇಳಿದ್ದು ಹೀಗೆ: “ಪೂಜಿ ಮುಗದ ಮ್ಯಾಲ ನಿಮ್ಮ ಮಡಿ ಮುಗೀತೈತಿ, ಮನಸ್ಸು ತಣ್ಣಗಾಕ್ಕೈತಿ. ಇವನದು ಮುಗಿಯಂಗಿಲ್ಲ, ತಣ್ಣಗೂ ಆಗಂಗಿಲ್ಲ.” ಅವರು ಬೇಗ ಅರ್ಥ ಮಾಡಿಕೊಂಡರು.

ಜೊತೆಗೆ ಹೆದರಿಕೆಯ ಏಣಿ. ಪ್ರತಿ ಮೆಟ್ಟಿಲಿಗೂ ಎಷ್ಟು ಹೆದರಿಕೆಯೆಂದು ಅವನೇ ಹತ್ತರಲ್ಲಿ ಅಂಕಿ ಕೊಟ್ಟ. ಹಳೆಯ ಲಗ್ನಪತ್ರಿಕೆಯ ಅಕ್ಷರದ ಮೇಲೆ ಬೆರಳಿಡುವುದು 3. ಒಗೆದು ಒಣಗಿದ ಅಪ್ಪನ ಅಂಗಿ 5. ಅಪ್ಪನ ಊಟದ ಚೀಲ 7. ಕೆಲಸದಿಂದ ಬಂದು ಒಮ್ಮೆ ಸಾಬೂನಿನಿಂದ ಕೈ ತೊಳೆದ ಅಪ್ಪನ ಜೊತೆ ಒಂದೇ ಬುಟ್ಟಿಯ ರೊಟ್ಟಿ ತಿನ್ನುವುದು 9. ಕೆಳಗಿನದನ್ನು ಮುಟ್ಟಿ, ತೊಳೆಯದೆ ಕುಳಿತು, ಐದೈದು ನಿಮಿಷಕ್ಕೆ ಅಂಕಿ ಬರೆಯಬೇಕು. ಮೊದಲು ಏರುತ್ತದೆ, ಇವನಿಗೆ ಇಳಿಯಲು ಸುಮಾರು 35 ನಿಮಿಷ ಹಿಡಿಯಿತು. ಅಂಕಿ ಅರ್ಧವಾಗುವ ಮುಂಚೆ ಎದ್ದರೆ ತೊಳೆದೇ ಪಾರಾದೆ ಎಂಬ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಒಂದೇ ಮೆಟ್ಟಿಲನ್ನು ದಿನಾ ಮಾಡಿ ಬೇಸರ ಬಂದ ಮೇಲೆ ಮುಂದಿನದು. ನಾಲ್ಕನೇ ವಾರ ಇವನ ಅಂಕಿ ಇದ್ದಕ್ಕಿದ್ದಂತೆ ಬೇಗ ಇಳಿಯತೊಡಗಿತು. ವಿಚಾರಿಸಿದರೆ ಮನಸ್ಸಿನಲ್ಲೇ ಏಳರವರೆಗೆ ಎಣಿಸುತ್ತಿದ್ದ, ಜೇಬಿನಲ್ಲಿ ಸ್ಯಾನಿಟೈಸರ್ ಇತ್ತು. ಎರಡೂ ತೊಳೆದಂತೆಯೇ ಲೆಕ್ಕ. ಊಟಕ್ಕೆ ಮುಂಚೆ, ಶೌಚದ ನಂತರ 20 ಸೆಕೆಂಡು ಸಾಬೂನು ಹಚ್ಚಿ ತೊಳೆಯುವುದನ್ನು ಮಾತ್ರ ಎಲ್ಲರಂತೆ ಉಳಿಸಿಕೊಳ್ಳಲಾಯಿತು.

ಶಾಲೆಯಲ್ಲಿ ತರಗತಿ ಶಿಕ್ಷಕಿಗೆ ಮಾತ್ರ ತಿಳಿಸಿದ್ದು, ಅದೂ ಹುಡುಗನನ್ನು ಕೇಳಿಕೊಂಡು. ಬೇಡಿದ್ದು ಎರಡು: ತಪ್ಪಾದರೆ ರಬ್ಬರ್ ಬದಲು ಒಂದು ಗೆರೆ ಹೊಡೆದು ಮುಂದೆ ಹೋಗಲು ಹೇಳಬೇಕು, ಉಳಿದ ಹುಡುಗರ ಮುಂದೆ, ತೊಳೆದು ತೊಳೆದು ಬಿರಿದ ಕೈಯ ಮಾತು ತೆಗೆಯಬಾರದು.

ಹದಿನಾಲ್ಕನೇ ವಾರಕ್ಕೆ ಮಾಪನದ ಅಂಕ 26ರಿಂದ 12ಕ್ಕೆ ಇಳಿದಿದೆ, ತೊಳೆಯುವುದು ದಿನಕ್ಕೆ ಮುಕ್ಕಾಲು ತಾಸು. ಒಂಬತ್ತರ ಮೆಟ್ಟಿಲು ಇನ್ನೂ ಅರ್ಧ: ಅಪ್ಪನ ಬುಟ್ಟಿಯಿಂದ ಅವನು ರೊಟ್ಟಿ ತಿನ್ನುತ್ತಾನೆ, ಅವ್ವ ತಿನ್ನುವಾಗ ಎದ್ದು ಹೋಗುತ್ತಾನೆ. ಪರೀಕ್ಷೆಯ ಹೊತ್ತಿಗೆ ಗೀಳು ಹೆಚ್ಚಬಹುದು. ಆಗ ಬೀಜದ ಡಬ್ಬಿ ಮತ್ತೆ ತೆಗೆದು, ಏಣಿಯ 5ರಿಂದ ಹತ್ತಿ, ಎರಡು ವಾರದಲ್ಲಿ ಇಳಿಯದಿದ್ದರೆ ವೈದ್ಯರ ಮುಂದಿನ ತಾರೀಖಿಗೆ ಕಾಯದೆ ಬರಲು ತಾಯಿಗೆ ಹೇಳಲಾಗಿದೆ.