ಟೆಂಡರ್ ಪ್ರಕಟಣೆಯ ಕೆಳಗಿನ ತಿದ್ದುಪಡಿ

ಹರಿಹರದ ಓದುಗರೊಬ್ಬರ ಪತ್ರ: ‘ವಾಣಿವಿಲಾಸ ಸಾಗರ ಕೋಡಿ ಬಿದ್ದಿದ್ದು 2022ರಲ್ಲೇ ಮೊದಲು ಎಂದು ಬರೆದಿರಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ತಪ್ಪೊಪ್ಪಿಗೆ ಹಾಕಿದಿರಿ. ಒಂದು ಸಾಲು ಸಾಕಿತ್ತು. ನೀವೇ ಹೀಗೆ ಡಂಗುರ ಹೊಡೆದರೆ ಪತ್ರಿಕೆಯನ್ನು ನಂಬುವವರು ಯಾರು?’

ಉತ್ತರ: ಪ್ರೀತಿಯಿಂದಲೇ ಬೈದಿದ್ದೀರಿ, ಸಂತೋಷ. ನಿಮ್ಮ ಮಾತಲ್ಲೂ ಹುರುಳಿದೆ. ಪ್ರತಿ ಕಾಗುಣಿತದ ತಪ್ಪಿಗೂ ಅರ್ಧ ಪುಟ ಕೊಟ್ಟರೆ ಓದಲು ಬೇರೇನೂ ಉಳಿಯುವುದಿಲ್ಲ. ಆದರೆ ಮಾರಿಕಣಿವೆ, ಅಂದರೆ ಇದೇ ವಾಣಿವಿಲಾಸ ಸಾಗರ ಜಲಾಶಯ, 1933ರಲ್ಲೇ ಕೋಡಿ ಬಿದ್ದಿತ್ತು. ಅದನ್ನು ಕಂಡವರ ಮೊಮ್ಮಕ್ಕಳು ಹಿರಿಯೂರಿನಲ್ಲಿದ್ದಾರೆ. ನಾವು ತಪ್ಪಿದ್ದು ದಪ್ಪಕ್ಷರದ ಶೀರ್ಷಿಕೆಯಲ್ಲಿ. ಅದನ್ನು ಮೂಲೆಯಲ್ಲಿ ತಿದ್ದಿದರೆ ಬಚ್ಚಿಟ್ಟ ಹಾಗೇ ಅಲ್ವಾ?

ಒಂದು ಹಳೇ ಸಂಗತಿ. ಅಚ್ಚಿಗೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲ. ದಾವಣಗೆರೆಯ ಸಣ್ಣ ದಿನಪತ್ರಿಕೆಯೊಂದರಲ್ಲಿ ಪೇಟೆ ಧಾರಣೆ ನನ್ನ ಪಾಲಿನ ಕೆಲಸ. ಒಂದು ರಾತ್ರಿ ಶೇಂಗಾ ಧಾರಣೆಯಲ್ಲಿ 6ರ ಮೊಳೆ ತಲೆಕೆಳಗಾಗಿ 9 ಆಯಿತು. ಕ್ವಿಂಟಾಲಿಗೆ 30 ರೂಪಾಯಿ ಜಾಸ್ತಿ! ಕರಡು ನೋಡಿದವನು ನಾನೇ.

ಎರಡು ದಿನ ಬಿಟ್ಟು ಜಗಳೂರು ಕಡೆಯ ರೈತರೊಬ್ಬರು ಆಫೀಸಿಗೆ ಬಂದರು. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಪೇಪರ್ ತೆಗೆದರು. ಬೆವರಿಗೆ ಮಡಿಕೆಯೇ ಹರಿದಿತ್ತು. ಅಂಕಿಯ ಕೆಳಗೆ ಪೆನ್ನಿನ ಗೆರೆ. ‘ಇದನ್ನ ನಂಬಿ ಲಾರಿ ಬಾಡಿಗೆ ಕೊಟ್ಟು ಬಂದೆ ಸ್ವಾಮಿ’ ಎಂದರು. ಬೈಯಲಿಲ್ಲ. ಅಷ್ಟರಲ್ಲಿ ನಾವು ತಿದ್ದುಪಡಿ ಹಾಕಿದ್ದೆವು, ಆರನೇ ಪುಟದಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ. ಪುಟ ತೆಗೆದು ಮುಂದಿಟ್ಟೆ. ಅವರು ಕಣ್ಣು ಕಿರಿದು ಮಾಡಿ ಹುಡುಕಿದರು, ಸಿಗಲಿಲ್ಲ. ನಾನೇ ಬೆರಳಿಟ್ಟು ತೋರಿಸಬೇಕಾಯಿತು.

ಒಂದು ಸಾಲು ಸಾಕು ಅಂತೀರಿ. ತಪ್ಪು ನಿಮ್ಮ ಬಗ್ಗೆಯೇ ಬಂದಿದ್ದರೆ ಸಾಕಾಗುತ್ತಿತ್ತಾ?

ತಪ್ಪು ಗೊತ್ತಾದ ಕೂಡಲೇ ಎದ್ದು ಕಾಣುವಂತೆ ತಿದ್ದಿ ಎಂದು ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳೇ ಹೇಳುತ್ತವೆ. 1966ರಲ್ಲಿ ಹುಟ್ಟಿದ ಮಂಡಳಿ, ಪಾಪ, ಕೈಯಲ್ಲಿ ಕೋಲಿಲ್ಲದ ಮೇಷ್ಟ್ರು. ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕುವಂತಿಲ್ಲ. ಟಿವಿಯಂತೂ ಅದರ ಕೈಗೇ ಸಿಗದು. 2016ರಲ್ಲಿ ಹೊಸ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂದು ಟಿವಿಯಲ್ಲಿ ಕೊರೆದಿದ್ದು ನಿಮಗೂ ನೆನಪಿರಬೇಕು. ಅದು ಸುಳ್ಳೆಂದು ಗೊತ್ತಾದ ಮೇಲೆ ಅಷ್ಟೇ ಹೊತ್ತು ಕೂತು ಕ್ಷಮೆ ಕೇಳಿದವರನ್ನು ನಾನಂತೂ ಕಾಣೆ. ಓದುಗರ ದೂರು ನೋಡಲೆಂದೇ ‘ದಿ ಹಿಂದೂ’ 2006ರಲ್ಲಿ ಓದುಗರ ಸಂಪಾದಕರನ್ನು ನೇಮಿಸಿತು. ನಮ್ಮಂಥ ಸಣ್ಣವರಿಗೆ ಅಷ್ಟು ಶಕ್ತಿಯಿಲ್ಲ. ನಿಮ್ಮಂಥವರ ಪತ್ರವೇ ಗತಿ.

ಇನ್ನು ಕರಡು ತಿದ್ದುವವರು. ಮೊದಲು ಪ್ರತಿ ಪತ್ರಿಕೆಯಲ್ಲೂ ದಪ್ಪ ಕನ್ನಡಕದ ಒಬ್ಬರಾದರೂ ಇರುತ್ತಿದ್ದರು. ಖರ್ಚು ಉಳಿಸಬೇಕು ಅಂದಾಗ ಮೊದಲು ಮನೆಗೆ ಹೋದವರು ಅವರೇ. ಈಗ ವರದಿ ಬರೆಯುವ ಹುಡುಗನೇ ಫೋಟೊ ತೆಗೆಯಬೇಕು, ಪುಟ ಕಟ್ಟಬೇಕು, ಸಾಲದ್ದಕ್ಕೆ ಜಾಹೀರಾತೂ ತರಬೇಕು. ಜಾಹೀರಾತು ಕೊಟ್ಟವರ ಬಗ್ಗೆ ಅವನು ಖಡಕ್ಕಾಗಿ ಬರೆಯುವುದು ಹೇಗೆ? ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಕನ್ನಡದ ಮೊದಲ ಪತ್ರಿಕೆ, 1843ರ ‘ಮಂಗಳೂರು ಸಮಾಚಾರ’ದಿಂದ ಭಾಷಣ ಶುರು ಮಾಡುತ್ತೇವೆ, ಶಾಲು ಹೊದಿಸುತ್ತೇವೆ, ಊಟ ಮಾಡಿ ಏಳುತ್ತೇವೆ. ಈ ಹುಡುಗನ ಸಂಬಳದ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ.

ಅಂದಹಾಗೆ, ಪದಬಂಧದ 14ನೇ ಸುಳಿವು ತಪ್ಪು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನೋಡಿದೆ, ಹೌದು. ಇದಕ್ಕೆ ಒಂದು ಸಾಲು ಸಾಕು, ಪದಬಂಧದ ಪುಟದಲ್ಲೇ ಹಾಕುತ್ತೇವೆ.