‘ಇದು ನಾನು ಅನಿಸುತ್ತಿಲ್ಲ’

ಮೂವತ್ತರ ಆಸುಪಾಸಿನ ಈ ಲೋಗೋ ವಿನ್ಯಾಸಕಿಯನ್ನು ‘ಸ’ ಎಂದು ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನಿದ್ದೆ ಹತ್ತುವುದಿಲ್ಲ, ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಸ್ವತಂತ್ರವಾಗಿ ಚಿತ್ರ ಬರೆದುಕೊಡುವ ಕಲಾವಿದೆಯೊಬ್ಬರಿಗೆ ವೈಯಕ್ತಿಕ ಲೋಗೋ ಮಾಡಿಕೊಡಲು ಒಪ್ಪಿದ್ದರು. ಹತ್ತೊಂಬತ್ತು ಕರಡುಗಳಾಗಿದ್ದವು. ಪ್ರತಿಸಲವೂ ಅದೇ ಉತ್ತರ: ‘ಚೆನ್ನಾಗಿದೆ, ಆದರೆ ಇದು ನಾನು ಅನಿಸುತ್ತಿಲ್ಲ.’

ಎರಡನೆಯ ಭೇಟಿಗೆ ಕರಡುಗಳನ್ನು ತರಲು ಹೇಳಿದೆ. ಮೇಜಿನ ಮೇಲೆ ಸಾಲಾಗಿ ಹರಡಿದರು. ಮೊದಲ ಮೂರರಲ್ಲಿ ಕೈ ಹಗುರವಾಗಿತ್ತು: ಹೆಸರಿನ ಮೊದಲ ಅಕ್ಷರ, ಅದರ ಕೆಳಗೆ ಒಂದೇ ಎಳೆತದ ಗೆರೆ. ಎಂಟನೆಯದರಲ್ಲಿ ಕುಂಚ ಸೇರಿತ್ತು, ಹನ್ನೆರಡನೆಯದರಲ್ಲಿ ಎಲೆ, ಹದಿನಾರನೆಯದರಲ್ಲಿ ನಾಲ್ಕು ಬಣ್ಣ. ಕೊನೆಯದನ್ನು ಉಗುರಿನಷ್ಟು ಕುಗ್ಗಿಸಿದರೆ ಏನು ಕಾಣುತ್ತದೆ ಎಂದು ಕೇಳಿದೆ. ‘ಒಂದು ಮಸುಕು ಚುಕ್ಕೆ’ ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿತು. ಬ್ರೌಸರಿನ ಟ್ಯಾಬಿನಲ್ಲಿ ಗುರುತಿಗೆ ಸಿಗುವುದು 16×16 ಪಿಕ್ಸೆಲ್ ಜಾಗವೆಂದೂ, ಬರಿಯ ಕಪ್ಪು ಬಿಳುಪಿನಲ್ಲೂ ಲೋಗೋ ನಿಲ್ಲಬೇಕೆಂದೂ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಟ್ಟುಕೊಡುತ್ತಾ ಬಂದಿದ್ದರು. ಎದುರಿನವರ ಮುಖ ಸಪ್ಪಗಾದರೆ ತಪ್ಪು ತನ್ನದೇ ಎಂದು ಹುಡುಕುವುದು ಅವರಿಗೆ ಚಿಕ್ಕಂದಿನ ಅಭ್ಯಾಸ.

ಇಲ್ಲಿ ಗ್ರಾಹಕರ ಮನಸ್ಸನ್ನೂ ನೋಡಬೇಕು. ದೊಡ್ಡ ಕಂಪನಿಯ ಲೋಗೋ ಯಾರೊಬ್ಬರ ಮುಖವೂ ಅಲ್ಲ. ಒಂಟಿಯಾಗಿ ದುಡಿಯುವ ಕಲಾವಿದೆಗೆ ಹೆಸರೇ ಅಂಗಡಿ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಬೇಕೋ ಜಾಹೀರಾತಿಗೋ ಎಂದು ಅವರೇ ಇನ್ನೂ ತೀರ್ಮಾನಿಸಿರಲಿಲ್ಲವಂತೆ. ಆ ತೀರ್ಮಾನವನ್ನು ಲೋಗೋ ಮಾಡಿಕೊಡಲಾರದು. ಇಪ್ಪತ್ತನೆಯ ಕರಡೂ ಮಾಡಿಕೊಡುತ್ತಿರಲಿಲ್ಲ. ‘ಇದು ನಾನಲ್ಲ’ ಎಂಬ ಮಾತು ಸ ಅವರ ಕೈಚಳಕದ ಮೇಲಿನ ತೀರ್ಪಾಗಿರಲಿಲ್ಲ. ಇದನ್ನು ಅವರಿಗೆ ಮನಗಾಣಿಸುವುದಕ್ಕೇ ಎರಡು ಭೇಟಿಗಳು ಹಿಡಿದವು.

ನಾನು ಕೊಟ್ಟ ಸಲಹೆ ಇಷ್ಟು. ಹೊಸ ಕರಡು ನಿಲ್ಲಿಸಿ. ‘ಇಷ್ಟವಾಯಿತೇ’ ಎಂದು ಕೇಳಬೇಡಿ. ‘ಮುಂದಿನ ವರ್ಷ ಯಾರು ನಿಮ್ಮನ್ನು ಕೆಲಸಕ್ಕೆ ಕರೆಯಬೇಕು, ಈ ಗುರುತು ಎಲ್ಲೆಲ್ಲಿ ಅಚ್ಚಾಗುತ್ತದೆ’ ಎಂದು ಕೇಳಿ. ಎಷ್ಟು ಸುತ್ತು ತಿದ್ದುಪಡಿ, ಯಾವ ಫೈಲುಗಳು, ಬಾಕಿ ಹಣ ಸಂದ ಮೇಲೆ ಹಕ್ಕು ಯಾರದ್ದು ಎಂಬುದನ್ನು ಬರವಣಿಗೆಯಲ್ಲಿಡಿ. ಈ ಬರವಣಿಗೆಯ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು, ತಡವಾದರೂ ಮಾಡಲೇಬೇಕು.

1986ರಲ್ಲಿ ತಮ್ಮ ಹೊಸ ಕಂಪ್ಯೂಟರ್ ಕಂಪನಿ ನೆಕ್ಸ್ಟ್‌ಗಾಗಿ ಸ್ಟೀವ್ ಜಾಬ್ಸ್ ಹಲವು ಆಯ್ಕೆಗಳನ್ನು ಕೇಳಿದಾಗ ಅಮೆರಿಕದ ಹೆಸರಾಂತ ಲೋಗೋ ವಿನ್ಯಾಸಕ ಪಾಲ್ ರಾಂಡ್ ಒಂದೇ ಒಂದು ಲೋಗೋ ಕೊಟ್ಟದ್ದನ್ನು ಸ ಅವರೇ ನನಗೆ ಹೇಳಿದರು. ‘ಅವರು ದೊಡ್ಡವರು, ನಡೆಯಿತು’ ಎಂದರು. ‘ನೀವು ಇರುವ ಕರಡುಗಳಲ್ಲೇ ಎರಡು ಕೊಡಿ. ಆದರೆ ಎರಡಕ್ಕೂ ಕಾರಣ ಹೇಳಿ’ ಎಂದೆ.

ಹೇಳಬೇಕಾದ ಮಾತನ್ನು ನನ್ನೆದುರೇ ಅಭ್ಯಾಸ ಮಾಡಿದರು: ‘ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಅಲ್ಲಿಂದ ಒಂದೇ ಸುತ್ತು ತಿದ್ದೋಣ.’ ಮೂರು ಸಲವೂ ಮೊದಲಿಗೆ ‘ಕ್ಷಮಿಸಿ’ ಸೇರಿಕೊಂಡಿತು. ನಾಲ್ಕನೆಯ ಸಲ ಬರಲಿಲ್ಲ. ಹಾಗೆಯೇ ಬರೆದು ಕಳುಹಿಸಿದರು.

ನಾಲ್ಕು ದಿನ ಉತ್ತರವಿಲ್ಲ. ಆ ನಾಲ್ಕು ದಿನ ಅವರು ಹೊಸದೇನನ್ನೂ ಬರೆಯದೆ ಇದ್ದದ್ದು ನನಗೆ ತುಂಬ ದೊಡ್ಡದಾಗಿ ಕಂಡಿತು. ಐದನೆಯ ದಿನ ಕಲಾವಿದೆ ಮೂರನೆಯ ಕರಡನ್ನು ಒಪ್ಪಿಕೊಂಡು, ಗೆರೆಯನ್ನು ತುಸು ದಪ್ಪ ಮಾಡಲು ಕೇಳಿದರು. ಸ ಅವರಿಗೆ ಈಗ ನಿದ್ದೆ ಬರುತ್ತಿದೆ. ಫೋನ್ ಸದ್ದಿನ ಅಂಜಿಕೆ ಇನ್ನೂ ಪೂರ್ತಿ ಹೋಗಿಲ್ಲ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಾರೆ.