ಘಾಟಿ ಹತ್ತುವಾಗ ಗೇರ್ ಬದಲಾಗಲ್ಲ, ಆಫ್ ಮಾಡಿ ಆನ್ ಮಾಡಿದರೆ ಸರಿ. ಗೇರ್‌ಬಾಕ್ಸ್ ಹೋಯಿತಾ?

ಗೇರ್‌ಬಾಕ್ಸ್ ಬಿಚ್ಚಿಸಬೇಡಿ, ಈಗಲೇ ಅಂತೂ ಬೇಡ.

ನಿಮ್ಮದು 2005ರ ಮರ್ಸಿಡಿಸ್ ಇ 200, ಸಂಪಾಜೆಯಿಂದ ಮಡಿಕೇರಿಗೆ ಬರುವಾಗ ಒಮ್ಮೊಮ್ಮೆ ಎರಡನೇ ಗೇರಿನಲ್ಲೇ ನಿಂತುಬಿಡುತ್ತದೆ, ಬದಿಗೆ ಹಾಕಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಚೆನ್ನಾಗಿಯೇ ಓಡುತ್ತದೆ ಅಂದಿದ್ದೀರಿ. ಒಳಗೆ ಕ್ಲಚ್ ಸವೆದಿದ್ದರೆ ಕೀ ತಿರುಗಿಸಿದ ಮಾತ್ರಕ್ಕೆ ಸರಿಹೋಗಲ್ಲ, ಅಲ್ವಾ? ಇದು ಲಿಂಪ್ ಮೋಡ್. ಸೆನ್ಸರ್ ಕೊಡುವ ಲೆಕ್ಕ ತಾಳೆಯಾಗದಿದ್ದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಗೇರ್ ಬದಲಿಸುವುದನ್ನೇ ನಿಲ್ಲಿಸುತ್ತದೆ.

ಈ ಗಾಡಿಯಲ್ಲಿರುವುದು 722.6 ಅನ್ನುವ ಐದು ಗೇರಿನ ಬಾಕ್ಸ್. ಬಾಕ್ಸ್ ಗಟ್ಟಿ, ಅದರೊಳಗಿನ ಕಂಡಕ್ಟರ್ ಪ್ಲೇಟ್ (ವಿದ್ಯುತ್ ಸಂಪರ್ಕಗಳಿರುವ ತಟ್ಟೆ) ಅಷ್ಟು ಗಟ್ಟಿಯಲ್ಲ. ಸ್ಪೀಡ್ ಸೆನ್ಸರ್‌ಗಳು ಇರುವುದು ಅದರಲ್ಲೇ. ಹಳೆಯದಾದ ಮೇಲೆ ಆಯಿಲ್ ಬಿಸಿಯಾದಾಗ ಕೈಕೊಡುತ್ತವೆ, ತಣ್ಣಗಾದರೆ ಮತ್ತೆ ಸರಿ. ಘಾಟಿಯಲ್ಲೇ ಕಾಟ ಜಾಸ್ತಿ ಆಗುವುದು ಅದಕ್ಕೇ ಇರಬೇಕು.

ಆದರೆ ಅದಕ್ಕೂ ಮೊದಲು ಬಾಕ್ಸಿನ ಬಲಬದಿಯಲ್ಲಿರುವ 13 ಪಿನ್ನಿನ ಪ್ಲಗ್ ನೋಡಿಸಿ. ಅದರ ಓ-ರಿಂಗ್ ಅನ್ನುವ ರಬ್ಬರ್ ಉಂಗುರ ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ. ಹೊರಗೆ ತೊಟ್ಟಿಕ್ಕಿದರೆ ಪರವಾಗಿಲ್ಲ, ಕಣ್ಣಿಗೆ ಬೀಳುತ್ತದೆ. ಇದು ವಯರಿನ ಒಳಗೇ ಏರಿಕೊಂಡು, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ, ಸೀದಾ ಕಂಪ್ಯೂಟರ್ ತನಕ ಹೋಗುತ್ತದೆ. ಕಂಪ್ಯೂಟರಿನ ಪ್ಲಗ್ ಕಿತ್ತು ಪಿನ್ನುಗಳಿಗೆ ಟಿಶ್ಯೂ ಒತ್ತಿ. ಎಣ್ಣೆ ಅಂಟಿದರೆ ಕಳ್ಳ ಅರ್ಧ ಸಿಕ್ಕಿದ ಹಾಗೆ. ಬಾಕ್ಸಿನ ಆ 13 ಪಿನ್ನಿನ ಪ್ಲಗ್ಗಿನ ಅಡಾಪ್ಟರ್‌ಗೆ ಅಂಥ ದುಡ್ಡೇನೂ ಇಲ್ಲ.

ಸ್ಕ್ಯಾನ್ ಮಾಡಿಸುವಾಗ ಗೇರ್‌ಬಾಕ್ಸ್ ಕಂಪ್ಯೂಟರನ್ನೂ ಓದುವ ಮಷಿನ್ ಇರುವವರ ಹತ್ತಿರ ಹೋಗಿ. ಸಾಮಾನ್ಯ ರೀಡರ್ ಎಂಜಿನ್ನಿನ ದೋಷದ ಕೋಡ್ ಮಾತ್ರ ತೋರಿಸಿ ಸುಮ್ನಾಗುತ್ತದೆ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಕೆಲವರಿಗೆ ಅಳಿಸುವುದೇ ರಿಪೇರಿ! ಆಗುವುದಾದರೆ ಮಷಿನ್ ಹಾಕಿಕೊಂಡೇ ಘಾಟಿ ಹತ್ತಿ. ಸಿಕ್ಕಿಕೊಂಡ ಹೊತ್ತಿಗೆ ಯಾವುದಾದರೂ ಸೆನ್ಸರಿನ ಸ್ಪೀಡ್ ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದರೆ ಪ್ಲೇಟ್ ಬದಲಿಸಿ, ಜೊತೆಗೆ ಫಿಲ್ಟರ್, ಆಯಿಲ್ ಕೂಡ. ಬ್ಯಾಟರಿಯನ್ನೂ ಒಮ್ಮೆ ಚೆಕ್ ಮಾಡಿಸಿ, ವೋಲ್ಟೇಜ್ ಇಳಿದರೂ ಈ ಗಾಡಿಗಳು ಸುಳ್ಳು ಕೋಡ್ ಹಾಕುತ್ತವೆ.

ಇನ್ನು ಆಯಿಲ್. ಈ ಬಾಕ್ಸಿಗೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಕೊಟ್ಟಿಲ್ಲ, ಬರೀ ಮುಚ್ಚಿದ ಕೊಳವೆ ಇದೆ. ಬೇರೆ ಕಡ್ಡಿ ಹಾಕಿ, ಆಯಿಲ್ 80 ಡಿಗ್ರಿ ಬಿಸಿ ಇದ್ದಾಗ ಅಳೆಯಬೇಕು. ಅಂದಾಜಿಗೆ ಸುರಿಯಲು ಬಿಡಬೇಡಿ, ಜಾಸ್ತಿಯಾದರೆ ನೊರೆ ಬರುತ್ತದೆ. ಬಾಕ್ಸಿನ ತಳದ ಆಯಿಲ್ ಪ್ಯಾನ್ ಇಳಿಸಿದಾಗ ಸುಟ್ಟ ವಾಸನೆ, ಲೋಹದ ಚೂರು ಕಂಡರೆ ಮಾತ್ರ ಬಿಚ್ಚುವ ಮಾತಾಡೋಣ.